‘ಮಾತು ಕೇಳುವ’ ಮಗು ಮತ್ತು ಕೇಳಿಸಿಕೊಳ್ಳುವ ಮಗು: ಶೈಶವದ ಗಮನವನ್ನು ಅಳೆಯುವ ಒಂದು ಮೆಟ್ಟಿಲುಪಟ್ಟಿಯ ವಿಮರ್ಶೆ

ಜೀನ್ ಕೂಪರ್, ಮಾಲಿ ಮೂಡ್ಲಿ ಮತ್ತು ಜೋನ್ ರೆನೆಲ್ ಅವರ ‘ಹೆಲ್ಪಿಂಗ್ ಲ್ಯಾಂಗ್ವೇಜ್ ಡೆವಲಪ್‌ಮೆಂಟ್’ 1978ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಭಾಷೆಯ ಬೆಳವಣಿಗೆಯಲ್ಲಿ ಹಿಂದುಳಿದ ಎಳೆಯ ಮಕ್ಕಳಿಗಾಗಿ ರೂಪಿಸಿದ ಕಾರ್ಯಕ್ರಮವೊಂದರ ಕೈಪಿಡಿ ಅದು. ಕೈಪಿಡಿಯ ಉಳಿದ ಭಾಗಗಳನ್ನು ಇಂದು ಓದುವವರು ಕಡಿಮೆ. ಆದರೆ ಅದು ಪ್ರಚಾರಕ್ಕೆ ತಂದ ‘ಗಮನ ನಿಯಂತ್ರಣದ ಆರು ಹಂತಗಳು’ ಎಂಬ ಪಟ್ಟಿ ಮೂಲದಿಂದ ಬೇರ್ಪಟ್ಟು ತನ್ನದೇ ಬಾಳು ಬಾಳುತ್ತಿದೆ. ಬ್ರಿಟನ್ನಿನ ಭಾಷಾಚಿಕಿತ್ಸಕರು ತಂದೆತಾಯಿಗಳಿಗೆ ಹಂಚುವ ಕರಪತ್ರಗಳಲ್ಲಿ, ಶಾಲಾಪೂರ್ವ ಶಿಕ್ಷಕರ ತರಬೇತಿ ಟಿಪ್ಪಣಿಗಳಲ್ಲಿ ಅದು ಹಲವೊಮ್ಮೆ ಕರ್ತೃಗಳ ಹೆಸರೂ ಇಲ್ಲದೆ ಕಾಣಿಸಿಕೊಳ್ಳುತ್ತದೆ. ಮಗು ಯಾವ ವಯಸ್ಸಿನಲ್ಲಿ ಎಷ್ಟು ‘ಆಲಿಸಬೇಕು’ ಎಂಬುದಕ್ಕೆ ಅದೇ ಅಳತೆಗೋಲು ಎಂಬಂತೆ ಬಳಕೆಯಾಗುತ್ತದೆ. ಈ ಪಟ್ಟಿ ಅಳೆಯುವುದು ಆಲಿಸುವಿಕೆಯ ಒಂದು ಸಣ್ಣ ಪಾಲನ್ನು ಮಾತ್ರ ಎಂಬುದು ನಮ್ಮ ವಾದ. ಉಳಿದ ಪಾಲು ಯಾವುದೆಂದು ಕಾಣಲು ಕನ್ನಡದ ಒಂದು ಕ್ರಿಯಾಪದ ನೆರವಾಗುತ್ತದೆ.

ಮೊದಲು ಪಟ್ಟಿಯನ್ನೇ ನೋಡೋಣ. ಮೊದಲ ವರ್ಷದ ಮಗು ಅತ್ಯಂತ ಚಂಚಲ; ಆ ಕ್ಷಣದಲ್ಲಿ ಎದ್ದು ತೋರುವ ಪ್ರಚೋದನೆ ಯಾವುದೋ ಅದರ ಕಡೆಗೆ ಹರಿಯುತ್ತದೆ. ಎರಡನೆಯ ವರ್ಷದಲ್ಲಿ ಅದು ತಾನೇ ಆಯ್ದುಕೊಂಡ ಕೆಲಸದಲ್ಲಿ ಮುಳುಗಬಲ್ಲದು, ಆದರೆ ದೊಡ್ಡವರು ನಡುವೆ ಬರುವುದನ್ನು ಸಹಿಸದು. ಎರಡರಿಂದ ಮೂರರ ವಯಸ್ಸಿನಲ್ಲಿ ಗಮನ ಇನ್ನೂ ‘ಏಕವಾಹಿನಿ’: ಕಣ್ಣಿನ ಕೆಲಸ, ಕಿವಿಯ ಕೆಲಸ ಎರಡೂ ಒಟ್ಟಿಗೆ ಸಾಗವು, ಆದರೆ ದೊಡ್ಡವರು ನೆರವಾದರೆ ಮಗು ಗಮನವನ್ನು ಆಟಿಕೆಯಿಂದ ಮಾತಿಗೆ, ಮಾತಿನಿಂದ ಆಟಿಕೆಗೆ ಪೂರ್ತಿಯಾಗಿ ಹೊರಳಿಸಬಲ್ಲದು. ಮೂರರಿಂದ ನಾಲ್ಕರಲ್ಲಿ ಈ ಹೊರಳಿಕೆ ಮಗುವಿನ ಕೈಗೇ ಬರುತ್ತದೆ. ನಾಲ್ಕರಿಂದ ಐದರಲ್ಲಿ ಎರಡು ವಾಹಿನಿಗಳು ಕೂಡಿಕೊಳ್ಳುತ್ತವೆ. ಕೈಯಲ್ಲಿರುವ ಕೆಲಸವನ್ನು ನಿಲ್ಲಿಸದೆ, ತಲೆ ಎತ್ತಿ ನೋಡದೆ, ಆ ಕೆಲಸಕ್ಕೆ ಸಂಬಂಧಿಸಿದ ಮಾತಿನ ನಿರ್ದೇಶನವನ್ನು ಮಗು ಗ್ರಹಿಸಬಲ್ಲದು. ಆರನೆಯ ಹಂತದಲ್ಲಿ ಈ ಸಾಮರ್ಥ್ಯ ನೆಲೆಗೊಳ್ಳುತ್ತದೆ. ಆಗ ಮಗು ಶಾಲೆಗೆ ಸಿದ್ಧ.

ಚಿಕಿತ್ಸೆಯ ಕೋಣೆಯಲ್ಲಿ ಈ ಪಟ್ಟಿಗೆ ಬೆಲೆಯಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದರ ಆಳದಲ್ಲಿ ಒಂದು ಮಾನವೀಯ ಒಳನೋಟವೂ ಇದೆ. ಎರಡನೆಯ ಹಂತದ ಮಗುವಿನ ಮೇಲೆ ಮಾತನ್ನು ಹೇರಬೇಡಿ, ಅದು ಎಲ್ಲಿ ನೋಡುತ್ತಿದೆಯೋ ಅಲ್ಲಿಗೆ ನಿಮ್ಮ ಮಾತನ್ನು ಕೊಂಡೊಯ್ಯಿರಿ ಎಂದು ಅದು ದೊಡ್ಡವರಿಗೆ ಹೇಳುತ್ತದೆ. ಮೈಕೆಲ್ ಟೊಮಸೆಲೊ ಮತ್ತು ಮೈಕೆಲ್ ಜೆಫ್ರಿ ಫರಾರ್ 1986ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಪುಷ್ಟಿ ನೀಡಿತು: ಮಗುವಿನ ಗಮನ ಆಗಲೇ ನೆಟ್ಟಿರುವ ವಸ್ತುವಿಗೆ ಹೆಸರಿಟ್ಟಾಗ ಆ ಪದ ಹೆಚ್ಚು ಸುಲಭವಾಗಿ ಕಲಿಕೆಗೆ ಒದಗುತ್ತದೆ, ಗಮನವನ್ನು ಬೇರೆಡೆಗೆ ಎಳೆದು ಹೆಸರಿಟ್ಟಾಗ ಅಷ್ಟಾಗಿ ಒದಗುವುದಿಲ್ಲ. ತೊಡಕು ಹುಟ್ಟುವುದು ಚಿಕಿತ್ಸಕರ ಕೈಯಿಂದ ಪಟ್ಟಿ ಹೊರಬಿದ್ದು, ‘ಮೂರು ವರ್ಷದ ಮಗು ಹೀಗಿರಬೇಕು’ ಎಂಬ ಮಾನದಂಡವಾದಾಗ.

ಪಟ್ಟಿಯ ಪ್ರತಿ ಹಂತದಲ್ಲೂ ಮಗು ಏನನ್ನು ಆಲಿಸಬೇಕು ಎಂದು ಕೇಳಿಕೊಂಡರೆ ಉತ್ತರ ಒಂದೇ: ತನ್ನನ್ನೇ ಉದ್ದೇಶಿಸಿ ಆಡಿದ, ತನ್ನ ಕೈಗೆಲಸವನ್ನು ತಿದ್ದುವ, ಒಬ್ಬ ದೊಡ್ಡವರ ಮಾತು. ಕೋಣೆಯಲ್ಲಿ ಇಬ್ಬರೇ ಇದ್ದಾರೆ. ಮಾತು ಮೇಲಿನಿಂದ ಕೆಳಗೆ ಬರುತ್ತದೆ. ಆ ಮಾತಿಗೆ ತಕ್ಕ ವರ್ತನೆ ಕಂಡರೆ ಮಗು ಆಲಿಸಿತು, ಕಾಣದಿದ್ದರೆ ಇಲ್ಲ. ಅಜ್ಜಿಯೂ ಚಿಕ್ಕಮ್ಮನೂ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು ಮರುದಿನ ನೆಂಟರ ಮುಂದೆ ಒಪ್ಪಿಸುವ ಮೂರು ವರ್ಷದ ಮಗುವಿಗೆ ಈ ಪಟ್ಟಿಯಲ್ಲಿ ಒಂದು ಅಂಕವೂ ಇಲ್ಲ. ತೋರಿಕೆಗೆ ಇದು ಗಮನದ ಮಾಪಕ. ಒಳಗೆ ನೋಡಿದರೆ ವಿಧೇಯತೆಯ ಮಾಪಕದ ಅಂಶ ಗಣನೀಯವಾಗಿದೆ.

ಇಲ್ಲಿ ಕನ್ನಡದ ‘ಕೇಳು’ ನಮ್ಮ ನೆರವಿಗೆ ಬರುತ್ತದೆ. ಈ ಧಾತುವಿಗೆ ಆಲಿಸು, ಪ್ರಶ್ನಿಸು, ಬೇಡು, ವಿಧೇಯನಾಗು ಎಂಬ ಅರ್ಥಗಳು ಒಟ್ಟಿಗೇ ಇವೆ. ಯಾವ ಅರ್ಥ ಎಂಬುದನ್ನು ವಿಭಕ್ತಿಯೂ ಕರ್ಮಪದವೂ ಕಾಲವೂ ಸೇರಿ ನಿರ್ಧರಿಸುತ್ತವೆ. ‘ಮಗು ಕಥೆ ಕೇಳಿತು’ ಎಂಬಲ್ಲಿ ಮಗು ಆಲಿಸುವ ಕರ್ತೃ. ‘ಮಗು ನೀರು ಕೇಳಿತು’ ಎಂಬಲ್ಲಿ ಬೇಡುವ ಕರ್ತೃ. ‘ಮಗು ಅಮ್ಮನನ್ನು ಕೇಳಿತು’ ಎಂದರೆ ಪ್ರಶ್ನೆ; ಅದೇ ‘ಅಮ್ಮನ ಮಾತನ್ನು ಕೇಳಿತು’ ಎಂದರೆ ಆಲಿಸಿತು ಎಂದೂ ಆಗಬಹುದು, ಹೇಳಿದಂತೆ ನಡೆಯಿತು ಎಂದೂ ಆಗಬಹುದು. ಆದರೆ ‘ಮಗು ಮಾತು ಕೇಳುತ್ತದೆ’ ಎಂದು ರೂಢಿಸೂಚಕ ವರ್ತಮಾನದಲ್ಲಿ ಹೇಳಿದ ಕೂಡಲೇ ಇಬ್ಬಗೆಯ ಅರ್ಥ ಮಾಯವಾಗಿ ವಿಧೇಯತೆಯೊಂದೇ ಉಳಿಯುತ್ತದೆ. ‘ನಮ್ಮ ಮಗ ಮಾತೇ ಕೇಳುವುದಿಲ್ಲ’ ಎಂದು ತಾಯಿಯೊಬ್ಬಳು ಹೇಳಿದರೆ ಮಗನ ಕಿವಿಯ ಬಗ್ಗೆ ಯಾರೂ ಚಿಂತಿಸುವುದಿಲ್ಲ.

ಇಷ್ಟೇ ಆಗಿದ್ದರೆ ಕನ್ನಡವೂ ಆ ಪಟ್ಟಿಯ ಗೊಂದಲವನ್ನೇ ಹಂಚಿಕೊಂಡಿದೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅದೇ ಧಾತುವಿನಿಂದ ಕನ್ನಡವು ಬೇರೆ ಎರಡು ರೂಪಗಳನ್ನು ಸಾಧಿಸಿಕೊಂಡಿದೆ. ‘ಮಗುವಿಗೆ ಸದ್ದು ಕೇಳಿಸಿತು’ ಎಂಬಲ್ಲಿ ಮಗು ಕರ್ತೃವಲ್ಲ. ಚತುರ್ಥಿ ವಿಭಕ್ತಿಯಲ್ಲಿ ನಿಂತ ಅನುಭೋಕ್ತೃ. ಸದ್ದು ತಾನಾಗಿ ಬಂದು ತಲುಪಿದೆ, ಅಷ್ಟೆ. ‘ಮಗು ಸದ್ದನ್ನು ಕೇಳಿಸಿಕೊಂಡಿತು’ ಎಂದಾಗ ‘ಕೊಳ್ಳು’ ಎಂಬ ಆತ್ಮಾರ್ಥಕ ಸಹಾಯಕ ಕ್ರಿಯಾಪದ ಬಂದು ಮಗುವನ್ನು ಮತ್ತೆ ಕರ್ತೃಸ್ಥಾನಕ್ಕೆ ಏರಿಸುತ್ತದೆ: ತಲುಪಿದ್ದನ್ನು ಮಗು ತನ್ನದಾಗಿಸಿಕೊಂಡಿದೆ. ಆ ಮಾತು ತನಗಾಗಿ ಆಡಿದ್ದೇ, ಇನ್ನೊಬ್ಬರಿಗಾಗಿ ಆಡಿದ್ದೇ ಎಂಬುದನ್ನು ಈ ರೂಪ ಕೇಳುವುದೇ ಇಲ್ಲ. ಕದ್ದು ಕೇಳಿಸಿಕೊಂಡರೂ ಕೇಳಿಸಿಕೊಂಡಂತೆಯೇ. ಶ್ರವಣ, ಗ್ರಹಣ, ವಿಧೇಯತೆ ಎಂಬ ಮೂರು ಘಟ್ಟಗಳನ್ನು ವ್ಯಾಕರಣವೇ ಹೀಗೆ ಬಿಡಿಸಿಟ್ಟಿರುವಾಗ ಅವುಗಳನ್ನು ಮತ್ತೆ ಬೆಸೆದುಬಿಡುವ ಮಾಪಕವನ್ನು ಕನ್ನಡದಲ್ಲಿ ಬಳಸುವುದು ನಷ್ಟದ ವ್ಯಾಪಾರ.

ಶ್ರವಣವೂ ವಿಧೇಯತೆಯೂ ಬೆರೆತುಹೋಗುವುದು ಕನ್ನಡದ ವೈಶಿಷ್ಟ್ಯವೇನಲ್ಲ. ಪ್ರಶ್ನಿಸುವುದಕ್ಕೆ ‘ಅಡುಗು’ ಎಂಬ ಪ್ರತ್ಯೇಕ ಧಾತುವನ್ನು ಇಟ್ಟುಕೊಂಡಿರುವ ತೆಲುಗು ಕೂಡ ‘ಮಾಟ ವಿನು’ ಎಂಬಲ್ಲಿ ವಿಧೇಯತೆಯನ್ನು ಹೇಳುತ್ತದೆ. ಇಂಗ್ಲಿಷಿನ ‘ಒಬೇ’ ಲ್ಯಾಟಿನ್ನಿನ ‘ಆಡಿರೆ’, ಅಂದರೆ ಕೇಳು, ಎಂಬ ಧಾತುವಿನಿಂದ ಬಂದಿದೆ. ಜರ್ಮನ್ನಿನ ‘ಗೆಹೋರ್ಖೆನ್’ ಪದದಲ್ಲಿಯೂ ಕಿವಿಗೊಡುವುದೇ ಅಡಗಿದೆ. ಸಂಸ್ಕೃತದ ‘ಶುಶ್ರೂಷಾ’ ಇನ್ನೂ ದೂರ ಸಾಗಿದೆ. ‘ಶ್ರು’ ಧಾತುವಿನ ಇಚ್ಛಾರ್ಥಕವಾದ ಅದು, ಕೇಳಬೇಕೆಂಬ ಬಯಕೆ ಎಂಬಲ್ಲಿಂದ ಹೊರಟು ಗುರುಸೇವೆಗೆ ಬಂದು, ಕನ್ನಡಕ್ಕೆ ಇಳಿಯುವಾಗ ರೋಗಿಯ ಆರೈಕೆಯಾಗಿದೆ. ಇವೆಲ್ಲಕ್ಕೂ ಎದುರಾಗಿ ನಿಲ್ಲುವ ಒಂದು ಚಂದದ ಪದ ಕನ್ನಡದಲ್ಲಿದೆ: ‘ಜಾಣಕಿವುಡು’. ಚೆನ್ನಾಗಿ ಆಲಿಸಿ, ಹೇಳಿದ್ದರ ಅರ್ಥವನ್ನೂ ತನಗಾಗುವ ಅನಾನುಕೂಲವನ್ನೂ ಲೆಕ್ಕ ಹಾಕಿದವರಿಗೆ ಮಾತ್ರ ಅದು ಸಾಧ್ಯ. ಮೆಟ್ಟಿಲುಪಟ್ಟಿಯ ಎರಡನೆಯ ಹಂತದಲ್ಲಿ ‘ದೊಡ್ಡವರ ಮಾತನ್ನು ಸಹಿಸದ’ ಮಗು ಕೇಳದ ಮಗುವೋ, ಜಾಣಕಿವುಡಿನ ಮಗುವೋ ಎಂಬುದನ್ನು ಪಟ್ಟಿ ಹೇಳಲಾರದು.

ಮೊದಲ ಹಂತದ ಬಗ್ಗೆ ನಮ್ಮ ಆಕ್ಷೇಪ ಇನ್ನೂ ಗಂಭೀರವಾದದ್ದು. ‘ಅತ್ಯಂತ ಚಂಚಲ’ ಎಂದು ಕರೆಸಿಕೊಂಡಿರುವ ಆ ಹನ್ನೆರಡು ತಿಂಗಳಲ್ಲಿಯೇ ಆಲಿಸುವಿಕೆಯ ಅತಿ ದೊಡ್ಡ ಕೆಲಸ ನಡೆದುಹೋಗಿರುತ್ತದೆ ಎಂಬುದನ್ನು ಕಳೆದ ಐದು ದಶಕಗಳ ಸಂಶೋಧನೆ ತೋರಿಸಿದೆ. ಮೂರು ದಿನವೂ ತುಂಬದ ಶಿಶುಗಳು ತಮ್ಮ ಚೀಪುವಿಕೆಯ ಲಯವನ್ನು ಬದಲಿಸಿ ಅಪರಿಚಿತಳ ದನಿಗಿಂತ ತಾಯಿಯ ದನಿಯನ್ನು ಆರಿಸಿಕೊಂಡವು ಎಂದು ಆಂಥನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ವರದಿ ಮಾಡಿದರು. 1986ರಲ್ಲಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್, ಗರ್ಭದ ಕೊನೆಯ ಆರು ವಾರ ತಾಯಿ ದಿನವೂ ಗಟ್ಟಿಯಾಗಿ ಓದಿದ ಕಥೆಯನ್ನು ನವಜಾತ ಶಿಶು ಹೊಸ ಕಥೆಯಿಂದ ಬೇರ್ಪಡಿಸಬಲ್ಲದೆಂದು ತೋರಿಸಿದರು. ನಾಲ್ಕೂವರೆ ತಿಂಗಳಿಗೆ ಮಗು ತನ್ನ ಹೆಸರಿನ ಧ್ವನಿರೂಪವನ್ನು ಗುರುತಿಸುತ್ತದೆ. ಎಂಟು ತಿಂಗಳ ಮಗು, ಬಿಡುವಿಲ್ಲದೆ ಹರಿಯುವ ಅರ್ಥವಿಲ್ಲದ ಅಕ್ಷರಸರಣಿಯನ್ನು ಕೇವಲ ಎರಡು ನಿಮಿಷ ಕೇಳಿ, ಯಾವ ಅಕ್ಷರದ ಹಿಂದೆ ಯಾವುದು ಬರುತ್ತದೆಂಬ ಲೆಕ್ಕದಿಂದ ‘ಪದ’ಗಳ ಎಲ್ಲೆಯನ್ನು ಹಿಡಿಯುತ್ತದೆ; ಜೆನ್ನಿ ಸಾಫ್ರನ್ ಮತ್ತು ಸಂಗಡಿಗರ 1996ರ ಆ ಪ್ರಯೋಗ ಭಾಷಾವಿಜ್ಞಾನಿಗಳೆಲ್ಲರಿಗೂ ಪರಿಚಿತವಾದದ್ದು.

ನಮ್ಮ ಭಾಷೆಗಳಿಗೆ ಹೆಚ್ಚು ಹತ್ತಿರದ್ದು ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರ 1984ರ ಅಧ್ಯಯನ. ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಹಿಂದಿಯ ದಂತ್ಯ ‘ತ’ಕಾರ ಮತ್ತು ಮೂರ್ಧನ್ಯ ‘ಟ’ಕಾರಗಳ ವ್ಯತ್ಯಾಸವನ್ನು ಹಿಡಿದವು, ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಕೆಲವೇ ಶಿಶುಗಳಲ್ಲಿ ಉಳಿದಿತ್ತು. ಹಿಂದಿಯ ಮನೆಯ ಶಿಶುಗಳಲ್ಲಿ ಅದು ಉಳಿದುಕೊಂಡಿತ್ತು. ‘ಹಲ್ಲಿ’ ಮತ್ತು ‘ಹಳ್ಳಿ’, ‘ತಟ್ಟೆ’ ಮತ್ತು ‘ತತ್ತಿ’ಗಳ ನಡುವೆ ಬೆಳೆಯುವ ಕನ್ನಡದ ಮಗುವಿಗೂ ಇಂಥ ವ್ಯತ್ಯಾಸಗಳನ್ನು ಕೈಬಿಡಲು ಕಾರಣವಿಲ್ಲ. ಇಂಗ್ಲಿಷ್ ಶಿಶುವಿನದು ನಷ್ಟವೆಂದು ತೋರಬಹುದು. ಅದು ನಷ್ಟವಲ್ಲ, ತನ್ನ ಭಾಷೆಯಲ್ಲಿ ಯಾವುದು ಲೆಕ್ಕಕ್ಕೆ ಬರುವುದಿಲ್ಲವೋ ಅದಕ್ಕೆ ಕಿವಿಗೊಡದಿರಲು ಅದು ಕಲಿತಿದೆ. ಆಲಿಸುವಿಕೆ ಎಂದರೆ ಎಷ್ಟರಮಟ್ಟಿಗೆ ಗಮನ ಕೊಡುವುದೋ ಅಷ್ಟೇ ಮಟ್ಟಿಗೆ ಗಮನ ಕೊಡದಿರುವುದು ಕೂಡ. ಹಂತದಿಂದ ಹಂತಕ್ಕೆ ಗಮನ ಹಿಗ್ಗುತ್ತಲೇ ಹೋಗುವ ಏಣಿಯ ರೂಪಕದಲ್ಲಿ ಈ ಸಂಕೋಚಕ್ಕೆ ಎಡೆಯೇ ಇಲ್ಲ.

ಪ್ರಯೋಗಶಾಲೆಯ ಈ ಫಲಿತಾಂಶಗಳನ್ನು ನಾವು ಹಾಗೆಹಾಗೆಯೇ ಒಪ್ಪಬೇಕೆಂದೂ ಇಲ್ಲ. ಸದ್ದಡಗಿಸಿದ ಕೋಣೆ, ಒಂದು ಮಿನುಗುದೀಪ, ಒಂದು ಹೊತ್ತಿಗೆ ಒಂದೇ ದನಿ: ಮಗುವಿನ ಬದುಕಿನಲ್ಲಿ ಇಂಥ ಮೌನ ಸಿಗುವುದು ಅಪರೂಪ. ರೋಶೆಲ್ ನ್ಯೂಮನ್ 2005ರಲ್ಲಿ ಈ ಕೊರತೆಯನ್ನು ನೇರವಾಗಿ ಎದುರಿಸಿದರು. ಹಲವರ ಮಾತು ಹಿನ್ನೆಲೆಯಲ್ಲಿ ಸಾಗುತ್ತಿರುವಾಗ, ತನ್ನ ಹೆಸರನ್ನು ಹೇಳುವ ದನಿ ಅದಕ್ಕಿಂತ 10 ಡೆಸಿಬೆಲ್ ಜೋರಾಗಿದ್ದರೆ ಐದು ತಿಂಗಳ ಮಗು ಹೆಸರನ್ನು ಗುರುತಿಸಿತು. ವ್ಯತ್ಯಾಸ 5 ಡೆಸಿಬೆಲ್‌ಗೆ ಇಳಿದಾಗ ಐದು ತಿಂಗಳ ಮಗುವಿಗೂ ಒಂಬತ್ತು ತಿಂಗಳ ಮಗುವಿಗೂ ಸಾಧ್ಯವಾಗಲಿಲ್ಲ, ಹದಿಮೂರು ತಿಂಗಳ ಮಗುವಿಗೆ ಸಾಧ್ಯವಾಯಿತು. ಮಿಕ್ಸರ್, ಟಿವಿ, ಬೀದಿಯ ಸದ್ದುಗಳ ನಡುವೆ ‘ಕರೆದರೆ ತಿರುಗುವುದಿಲ್ಲ’ ಎಂದು ಎಂಟು ತಿಂಗಳ ಮಗುವಿನ ಮೇಲೆ ಬರುವ ದೂರಿಗೆ ಈ 5 ಡೆಸಿಬೆಲ್ ಸಾಕಷ್ಟು ಉತ್ತರ ಕೊಡುತ್ತದೆ.

ಇನ್ನು ‘ಏಕವಾಹಿನಿ’ಯ ಮಾತು. ಎರಡು ವರ್ಷದೊಳಗಿನ ಮಗು ಒಂದೇ ಸಲಕ್ಕೆ ಎರಡು ಕಡೆ ಗಮನ ಕೊಡಲಾರದು ಎಂಬುದು ಪಟ್ಟಿಯ ಬೆನ್ನೆಲುಬು. ಪಾಬ್ಲೊ ಚಾವಹಾಯ್ ಮತ್ತು ಬಾರ್ಬರಾ ರೋಗಾಫ್ 1999ರಲ್ಲಿ ಗ್ವಾಟೆಮಾಲಾದ ಮಾಯಾ ಸಮುದಾಯದ ಹದಿನಾಲ್ಕರಿಂದ ಇಪ್ಪತ್ತು ತಿಂಗಳ ಮಕ್ಕಳನ್ನು ಅಮೆರಿಕದ ಮಧ್ಯಮವರ್ಗದ ಬಿಳಿಯ ಮಕ್ಕಳೊಡನೆ ಹೋಲಿಸಿದರು. ಒಂದೇ ಹೊತ್ತಿನಲ್ಲಿ ನಡೆಯುವ ಹಲವು ಸಂಗತಿಗಳ ನಡುವೆ ಅಮೆರಿಕದ ಮಕ್ಕಳೂ ಅವರ ತಾಯಂದಿರೂ ಗಮನವನ್ನು ಸರದಿಯ ಮೇಲೆ ಹೊರಳಿಸುವುದು ಹೆಚ್ಚಾಗಿ ಕಂಡಿತು. ಮಾಯಾ ಮಕ್ಕಳೂ ತಾಯಂದಿರೂ ಹಲವನ್ನು ಏಕಕಾಲಕ್ಕೆ ಗಮನಿಸುವುದು ಹೆಚ್ಚಾಗಿ ಕಂಡಿತು. ಇದಕ್ಕೂ ಮೊದಲು, 1993ರಲ್ಲಿ, ರೋಗಾಫ್ ಮತ್ತು ಸಂಗಡಿಗರು ಗ್ವಾಟೆಮಾಲಾ, ಅಮೆರಿಕ, ಟರ್ಕಿ ಮತ್ತು ರಾಜಸ್ಥಾನದ ಒಂದು ಬುಡಕಟ್ಟು ಹಳ್ಳಿ ಸೇರಿ ನಾಲ್ಕು ನೆಲೆಗಳಲ್ಲಿ ಎಳೆಯರನ್ನು ಅಧ್ಯಯನ ಮಾಡಿದ್ದರು. ಮಗುವಿಗೆ ಕಲಿಕೆ ಒದಗಿಸುವ ಬಗೆ ಎಲ್ಲೆಡೆಯೂ ಒಂದೇ ಅಲ್ಲವೆಂಬುದು ಅಲ್ಲಿಯೇ ಸ್ಪಷ್ಟವಾಗಿತ್ತು. ಹಾಗಿದ್ದರೆ ಎರಡನೆಯ, ಮೂರನೆಯ ಹಂತಗಳಲ್ಲಿ ಪಟ್ಟಿ ಕಂಡದ್ದು ಮಗುವಿನ ಮಿದುಳಿನ ಮಿತಿಯನ್ನೋ, ಒಂದು ಸಮಾಜ ತನ್ನ ಮಕ್ಕಳಿಗೆ ಕಲಿಸುವ ಸರದಿಯ ಶಿಸ್ತನ್ನೋ ಎಂಬ ಪ್ರಶ್ನೆ ತೆರೆದುಕೊಳ್ಳುತ್ತದೆ. ಎರಡನೆಯದರ ಪಾಲು ದೊಡ್ಡದೆಂದು ನಮ್ಮ ತೀರ್ಮಾನ.

ಕನ್ನಡದ ಮನೋವಿಜ್ಞಾನ ಪಠ್ಯಗಳು ಗಮನಕ್ಕೆ ಬಳಸುವ ಪಾರಿಭಾಷಿಕ ‘ಅವಧಾನ’. ಅದೇ ಪದ ಅಷ್ಟಾವಧಾನ, ಶತಾವಧಾನಗಳ ಹೆಸರಿನಲ್ಲಿಯೂ ಇದೆ. ಎಂಟು ಪೃಚ್ಛಕರ ಪ್ರಶ್ನೆಗಳನ್ನು ಒಟ್ಟೊಟ್ಟಿಗೆ ಧರಿಸಿಕೊಂಡು ಸಾಗುವ ಆ ಕಲೆಯಲ್ಲಿ, ಅವಧಾನಿಯ ಗಮನವನ್ನು ಕೆಡಿಸುವುದಕ್ಕೆಂದೇ ‘ಅಪ್ರಸ್ತುತ ಪ್ರಸಂಗ’ ಎಂಬ ಒಂದು ವಿಭಾಗವಿದೆ. ಅಡ್ಡಿಪಡಿಸುವ ಮಾತನ್ನು ಹೊರಗಿಡುವವನಲ್ಲ, ಅದಕ್ಕೂ ಸರಸವಾಗಿ ಉತ್ತರ ಕೊಟ್ಟು ಮುಂದುವರಿಯುವವನೇ ಅವಧಾನಿ. ಪಂಡಿತರ ಕಲೆಯನ್ನು ಮಕ್ಕಳಿಗೆ ಅನ್ವಯಿಸಬೇಕೆಂದು ನಾವು ಹೇಳುತ್ತಿಲ್ಲ. ಗಮನ ಎಂದರೆ ಏಕಾಗ್ರತೆ ಎಂಬ ಸಮೀಕರಣ ಸ್ವಯಂಸಿದ್ಧವಲ್ಲ ಎಂಬಷ್ಟನ್ನೇ ಈ ಪದ ನೆನಪಿಸುತ್ತದೆ. (‘ಗಮನ’ ಎಂಬ ಪದಕ್ಕೂ ಸಂಸ್ಕೃತದಲ್ಲಿ ಹೋಗುವುದು ಎಂದೇ ಅರ್ಥ, ಅದು ಒಂದೆಡೆ ನಿಲ್ಲಬೇಕೆಂಬ ಹಟ ಆಮೇಲಿನದು.)

ಇತರರಿಗಾಗಿ ಆಡಿದ ಮಾತನ್ನು ಕೇಳಿಸಿಕೊಳ್ಳುವ ಸಾಮರ್ಥ್ಯದ ಬಗ್ಗೆಯೂ ಆಧಾರಗಳಿವೆ. ಪಾಪುವಾ ನ್ಯೂಗಿನಿಯ ಕಲುಲಿ ಜನರಲ್ಲಿ ತಾಯಿ ಶಿಶುವನ್ನು ತನ್ನ ಮುಖಕ್ಕೆ ಎದುರಾಗಿ ಹಿಡಿಯುವುದಕ್ಕಿಂತ ಹೊರಗಿನವರ ಕಡೆಗೆ ತಿರುಗಿಸಿ ಹಿಡಿದು, ಶಿಶುವಿನ ಪರವಾಗಿ ತಾನೇ ಎತ್ತರದ ದನಿಯಲ್ಲಿ ಮಾತಾಡುವುದನ್ನು ಎಲಿನಾರ್ ಓಕ್ಸ್ ಮತ್ತು ಬ್ಯಾಂಬಿ ಶೀಫೆಲಿನ್ 1984ರಲ್ಲಿ ವಿವರಿಸಿದರು. ಮಗು ಮಾತಿಗೆ ತೊಡಗಿದ ಮೇಲೆ ‘ಹೀಗೆ ಹೇಳು’ ಎಂದು ಮಾತನ್ನು ಎತ್ತಿಕೊಡುವ ಪದ್ಧತಿಯೂ ಅಲ್ಲಿದೆ. ಕನ್ನಡದ ಮನೆಗಳಲ್ಲಿ ‘“ಅಜ್ಜೀ, ಹೋಗ್ಬರ್ತೀನಿ” ಅನ್ನು’ ಎಂಬ ಎತ್ತಿಕೊಡುವಿಕೆ ಇದರ ಹತ್ತಿರದ ನೆಂಟ. ಮಗು ಇಲ್ಲಿ ಅಮ್ಮನ ದನಿಗೆ ಕಿವಿಗೊಡುತ್ತ ಅಜ್ಜಿಯ ಮುಖವನ್ನು ನೋಡಬೇಕು, ಅಮ್ಮನ ವಾಕ್ಯದೊಳಗಿನ ಉದ್ಧರಣೆಯನ್ನಷ್ಟೇ ಬಿಡಿಸಿಕೊಳ್ಳಬೇಕು, ‘ಅನ್ನು’ ಎಂಬುದನ್ನು ಬಿಡಬೇಕು. ಎರಡೂವರೆ ವರ್ಷದ ಮಗು ಇದನ್ನು ನಿತ್ಯವೂ ಮಾಡುತ್ತದೆ. ಪಟ್ಟಿಯ ಪ್ರಕಾರ ಅದರ ಗಮನ ಇನ್ನೂ ಏಕವಾಹಿನಿ.

ಅಮೆರಿಕದ ಪ್ರಯೋಗಶಾಲೆಯಲ್ಲಿಯೂ ಎರಡು ವರ್ಷದ ಮಕ್ಕಳು ಬೇರೆಯವರ ಮಾತುಕತೆಯಿಂದ ಹೊಸ ಪದ ಕಲಿಯಬಲ್ಲರೆಂದು ನಮೀರಾ ಅಖ್ತರ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ದಾರೆ. ಮಾರಿಸೆಲಾ ಕೊರ್ರಿಯಾ-ಚಾವೆಸ್ ಮತ್ತು ರೋಗಾಫ್ ಅವರ 2009ರ ಅಧ್ಯಯನದಲ್ಲಿ, ಒಡಹುಟ್ಟಿದ ಮಗುವಿಗೆ ಆಟಿಕೆ ಮಾಡುವುದನ್ನು ಕಲಿಸುತ್ತಿರುವಾಗ ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಮಾಯಾ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಹೆಚ್ಚು ಗಮನಿಸಿದರು, ಮುಂದೆ ತಾವೇ ಮಾಡಬೇಕಾಗಿ ಬಂದಾಗ ಹೆಚ್ಚು ಬಲ್ಲವರಾಗಿದ್ದರು. ಆದರೆ ಈ ವಾದವನ್ನು ಅತಿಗೆ ಒಯ್ಯಬಾರದು. ಲಾರಾ ಶ್ನೈಡ್‌ಮನ್ ಮತ್ತು ಸೂಸನ್ ಗೋಲ್ಡಿನ್-ಮೆಡೊ ಮೆಕ್ಸಿಕೊದ ಯುಕಾಟೆಕ್ ಮಾಯಾ ಹಳ್ಳಿಯಲ್ಲಿ ಕಂಡುಕೊಂಡದ್ದು ಬೇರೆ: ಅಲ್ಲಿಯ ಎಳೆಯರ ಕಿವಿಗೆ ಬೀಳುವ ಮಾತಿನ ಬಹುಪಾಲು ಅವರನ್ನು ಉದ್ದೇಶಿಸಿದ್ದಲ್ಲದಿದ್ದರೂ, ಮುಂದಿನ ಪದಸಂಪತ್ತನ್ನು ಸೂಚಿಸಿದ್ದು ದೊಡ್ಡವರು ನೇರವಾಗಿ ಆಡಿದ ಮಾತೇ, ಕಿವಿಗೆ ಬಿದ್ದ ಮಾತಲ್ಲ. 2012ರ ಈ ಫಲಿತಾಂಶವನ್ನು ಬದಿಗಿಟ್ಟು ‘ಕೂಡುಕುಟುಂಬದಲ್ಲಿ ಮಗು ತಾನಾಗಿ ಕಲಿಯುತ್ತದೆ’ ಎಂದು ನೆಮ್ಮದಿಪಡುವವರ ಜತೆಗೂ ನಾವಿಲ್ಲ. ಮಗುವಿನೊಡನೆ ಮಾತಾಡಲೇಬೇಕು. ಕೇಳಿಸಿಕೊಳ್ಳುವಿಕೆ ಆ ಮಾತಿಗೆ ಬದಲಿಯಲ್ಲ. ಗಮನದ ಇನ್ನೊಂದು ಬಗೆ, ಅಳೆಯದೆ ಬಿಟ್ಟ ಬಗೆ.

ಈ ಚರ್ಚೆಯ ಬಿಸಿ ತಟ್ಟುವುದು ಮಗುವಿಗೆ. ‘ಚೆನ್ನಾಗಿ ಕೂರು, ಚೆನ್ನಾಗಿ ನೋಡು, ಚೆನ್ನಾಗಿ ಕೇಳು’ ಎಂಬ ಬ್ರಿಟನ್ನಿನ ಶಿಶುಶಾಲೆಗಳ ಮಂತ್ರಕ್ಕೂ, ನಮ್ಮ ತರಗತಿಗಳ ‘ಕೈಕಟ್ಟು, ಬಾಯ್ಮುಚ್ಚು’ ಎಂಬುದಕ್ಕೂ ದನಿಯಲ್ಲಿ ಅಂತರವಿದೆ, ತಾತ್ಪರ್ಯದಲ್ಲಿ ಹೆಚ್ಚಿಲ್ಲ: ಮೈ ಅಲುಗದಿದ್ದರೆ ಕಿವಿ ತೆರೆದಿದೆ ಎಂಬ ನಂಬಿಕೆ. ಅಲುಗುವ ಮಗು ‘ಗಮನವಿಲ್ಲದ್ದು’ ಎನಿಸಿಕೊಳ್ಳುತ್ತದೆ. ಅಲುಗದೆ ಕೂತ ಮಗುವಿನ ನಡುಗಿವಿಯಲ್ಲಿ ದ್ರವ ತುಂಬಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಳೆಯರಲ್ಲಿ ಬಹಳ ಸಾಮಾನ್ಯವಾದ ಈ ತೊಂದರೆಯಲ್ಲಿ ನೋವು ಇರಲೇಬೇಕೆಂದಿಲ್ಲ. ಶ್ರವಣ ಒಂದು ವಾರ ಮಸುಕಾಗಿ ಇನ್ನೊಂದು ವಾರ ತಿಳಿಯಾಗಬಹುದು. ಒಂದು ದಿನ ಓಗೊಟ್ಟು ಮರುದಿನ ಓಗೊಡದ ಮಗುವನ್ನು ಕಂಡವರು ‘ಬೇಕಾದಾಗ ಕೇಳುತ್ತದೆ, ಬೇಡವಾದಾಗ ಇಲ್ಲ’ ಎನ್ನುವುದು ಸಹಜ. ನಿಜವಾದ ಮಂದಶ್ರವಣ ಹೀಗೆ ಜಾಣಕಿವುಡಿನ ಹೆಸರಿನಲ್ಲಿ ಬೈಗುಳ ತಿನ್ನುತ್ತದೆ.

ಆದುದರಿಂದ ಇಂತಹ ಪಟ್ಟಿಗಳನ್ನು ಕನ್ನಡಕ್ಕೆ ತರುವವರು ‘ಮಗು ಮಾತು ಕೇಳುತ್ತದೆಯೇ?’ ಎಂಬ ಒಂದು ಪ್ರಶ್ನೆಯನ್ನು ಒಡೆಯಬೇಕು. ಬೆನ್ನ ಹಿಂದಿನಿಂದ, ತುಟಿಯೂ ಸನ್ನೆಯೂ ಕಾಣದಂತೆ, ಮೆಲ್ಲಗೆ ಕರೆದರೆ ಮಗುವಿಗೆ ಕೇಳಿಸುತ್ತದೆಯೇ? ಟಿವಿ ಆರಿಸಿದಾಗಲೂ, ಹಾಕಿದಾಗಲೂ? ತನಗಲ್ಲದ ಮಾತನ್ನು ಕೇಳಿಸಿಕೊಂಡದ್ದು ಆಮೇಲೆ ಮಗುವಿನ ಆಟದಲ್ಲೋ ಮಾತಲ್ಲೋ ಎಂದಾದರೂ ಕಂಡಿದೆಯೇ? ಆಲಿಸಿದ್ದರ ಬಗ್ಗೆ ಮಗು ತಿರುಗಿ ಏನಾದರೂ ಕೇಳುತ್ತದೆಯೇ? ಇವಕ್ಕೆಲ್ಲ ಹೌದೆಂದಾದ ಮೇಲೆ, ಹೇಳಿದ ಕೆಲಸವನ್ನು ಅದು ಮಾಡುತ್ತದೆಯೇ ಎಂಬುದನ್ನು ಬೇಕಿದ್ದರೆ ವಿಚಾರಿಸಬಹುದು. ಅದು ಶಿಸ್ತಿನ ಪ್ರಶ್ನೆ, ಶ್ರವಣದ್ದಲ್ಲ. ಮೊದಲನೆಯದಕ್ಕೆ ‘ಇಲ್ಲ’ ಅಥವಾ ‘ಕೆಲವೊಮ್ಮೆ’ ಎಂಬ ಉತ್ತರ ಬಂದಲ್ಲಿ ಹಂತ ಗುರುತಿಸುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮಗುವನ್ನು ಶ್ರವಣ ಪರೀಕ್ಷೆಗೆ ಕಳುಹಿಸಬೇಕು.